ನಾನು ಕೊಟ್ಟ ಐವತ್ತೆರಡು ಅಂಕ

ಪ್ರಶಸ್ತಿಗೆ ಮೂರು ಸಲ ಅರ್ಜಿ ಹಾಕಿ, ಮೂರು ಸಲವೂ ಸಿಗದೆ, ನಾಲ್ಕನೆಯ ವರ್ಷ ಅದೇ ಪ್ರಶಸ್ತಿಯ ಆಯ್ಕೆ ಸಮಿತಿಗೆ ಬನ್ನಿ ಎಂದು ಕರೆದರೆ ಸಂತೋಷಪಡಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಫೋನ್ ಬಂದದ್ದು ಹೆಬ್ಬಾಳದ ಒಂದು ಶಿಕ್ಷಣ ಟ್ರಸ್ಟಿನ ಕಚೇರಿಯಿಂದ. ಹೈಸ್ಕೂಲು ಮಕ್ಕಳಿಗೆ ವಿನ್ಯಾಸ ಮತ್ತು ತಂತ್ರಜ್ಞಾನ ಕಲಿಸುವ ಶಿಕ್ಷಕರಲ್ಲಿ ಒಬ್ಬರನ್ನು ಅವರು ಪ್ರತಿ ವರ್ಷ ಆರಿಸಿ ಸನ್ಮಾನಿಸುತ್ತಾರೆ.

"ಈ ಸಲ ನೀವು ಅಪ್ಲೈ ಮಾಡಿಲ್ವಲ್ಲ ಮೇಡಂ, ಅದಕ್ಕೇ ಕೇಳ್ತಿದೀವಿ. ಕಮಿಟೀಲಿ ಒಬ್ರಾದ್ರೂ ಕ್ಲಾಸ್ ತಗೊಳ್ಳೋ ಟೀಚರ್ ಇರ್ಬೇಕು ಅಂತ ರೂಲು" ಎಂದರು ಅಲ್ಲಿನ ಸಂಚಾಲಕಿ.

ನೋಡಿ ಬೇಡವೆಂದ ಹುಡುಗಿಯನ್ನೇ ಮದುವೆಯ ದಿನ ಆರತಿ ಎತ್ತಲು ಕರೆದ ಹಾಗಾಯಿತು. ಆದರೂ ಒಪ್ಪಿಕೊಂಡೆ. ಯಾರಿಗೆ ಕೊಡುತ್ತಾರೆ, ಏನು ನೋಡಿ ಕೊಡುತ್ತಾರೆ, ನನ್ನಲ್ಲಿ ಇಲ್ಲದ್ದು ಅವರಲ್ಲಿ ಏನಿದೆ ಎಂದು ಒಳಗೆ ನಿಂತು ನೋಡುವ ಆಸೆ ನನಗಿತ್ತು. ಮಕ್ಕಳ ಸೇವೆ, ವೃತ್ತಿ ಋಣ ಎಂದೆಲ್ಲ ಪ್ರಿನ್ಸಿಪಾಲರ ಮುಂದೆ ಹೇಳಿದ್ದು ರಜೆ ಮಂಜೂರಾಗಲಿ ಎಂದು.

ಸಮಿತಿಯಲ್ಲಿ ಮೂವರು. ಅಧ್ಯಕ್ಷರು ಯಶವಂತಪುರದಲ್ಲಿರುವ ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕರು, ಎಪ್ಪತ್ತರ ಹತ್ತಿರದವರು. ಇನ್ನೊಬ್ಬ ಆರ್.ಟಿ. ನಗರದಲ್ಲಿ ಪೀಠೋಪಕರಣ ವಿನ್ಯಾಸ ಮಾಡುವ ಯುವಕ. ಮೂರನೆಯವಳು ನಾನು, ಯಲಹಂಕ ನ್ಯೂ ಟೌನಿನ ಖಾಸಗಿ ಶಾಲೆಯ ವರ್ಕ್‌ಶಾಪ್ ಟೀಚರು. ಮೊದಲ ದಿನ ಹೆಬ್ಬಾಳದ ಕಚೇರಿಯಲ್ಲಿ ನಮಗೆ ಅಂಕದ ಹಾಳೆ ತೋರಿಸಿದರು. ಹತ್ತು ಶೀರ್ಷಿಕೆ, ಒಂದೊಂದಕ್ಕೆ ಹತ್ತು ಅಂಕ. ಒಬ್ಬರ ಮೊತ್ತ ಉಳಿದಿಬ್ಬರಿಗಿಂತ ಇಪ್ಪತ್ತಕ್ಕಿಂತ ಹೆಚ್ಚು ದೂರ ಹೋದರೆ ಅವರು ಬರವಣಿಗೆಯಲ್ಲಿ ಕಾರಣ ಕೊಡಬೇಕು. ಹಾಳೆಯಲ್ಲಿ ವೈಟ್ನರ್ ಹಚ್ಚುವಂತಿಲ್ಲ. ಹೊಡೆದುಹಾಕಿದರೆ ಪಕ್ಕದಲ್ಲಿ ಸಹಿ ಇರಬೇಕು. ಯಾರು ಎಷ್ಟು ಕೊಟ್ಟರೆಂಬುದು ಹೊರಗೆ ಹೋಗಕೂಡದು, ಅದಕ್ಕೂ ಒಂದು ಸಹಿ.

ಆಮೇಲೆ ಅಂತಿಮ ಸುತ್ತಿಗೆ ಬಂದ ಐವರ ಪಟ್ಟಿ ಕೊಟ್ಟರು. ನಾಲ್ಕನೆಯ ಹೆಸರಿನ ಮೇಲೆ ನನ್ನ ಕಣ್ಣು ನಿಂತುಬಿಟ್ಟಿತು. ಅವಳು ನನ್ನ ವರ್ಕ್‌ಶಾಪಿನಲ್ಲಿ ಮೂರು ವರ್ಷ ಸಹಾಯಕಿಯಾಗಿದ್ದವಳು. ಗರಗಸ ಹಿಡಿಯಲು ನಾನೇ ಕಲಿಸಿದವಳು. ಈಗ ಅಬ್ಬಿಗೆರೆಯ ಒಂದು ಶಾಲೆಯಲ್ಲಿ ಟೀಚರಂತೆ. ಪಟ್ಟಿಯ ಕೆಳಗೆ ಒಂದು ಘೋಷಣೆ ಇತ್ತು: "ಕಳೆದ ಮೂರು ವರ್ಷಗಳಲ್ಲಿ ಈ ಪೈಕಿ ಯಾರೊಂದಿಗೂ ನಾನು ಕೆಲಸ ಮಾಡಿರುವುದಿಲ್ಲ." ಅವಳು ನಮ್ಮ ಶಾಲೆ ಬಿಟ್ಟು ನಾಲ್ಕು ವರ್ಷವಾಗಿತ್ತು. ಸಹಿ ಹಾಕಿದೆ. ಕಾನೂನಿನ ಪ್ರಕಾರ ಅದು ಅಪ್ಪಟ ಸತ್ಯ.

ಅವಳು ಯಾಕೆ ಬಿಟ್ಟಳು ಎಂಬುದನ್ನು ಹೇಳಲೇಬೇಕು. ನಮ್ಮ ಕಸುಬಿನಲ್ಲಿ 'ಫೈನಲ್ ಟಚ್' ಎಂದು ಒಂದಿದೆ. ಶಾಲೆಯ ಪ್ರದರ್ಶನಕ್ಕೆ ಎರಡು ದಿನ ಇರುವಾಗ ಮಕ್ಕಳನ್ನು ಮನೆಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತೇವೆ. ಅವರು ಮಾಡಿದ ಮಾದರಿಗಳ ಅಂಚನ್ನು ಉಪ್ಪು ಕಾಗದದಲ್ಲಿ ಉಜ್ಜುತ್ತೇವೆ, ಉಕ್ಕಿ ಬಂದ ಅಂಟು ಕೆರೆಯುತ್ತೇವೆ, ಇನ್ನೊಂದು ಕೈ ಬಣ್ಣ ಕೊಡುತ್ತೇವೆ. ತೀರಾ ಕೆಟ್ಟಿದ್ದರೆ ಹೊಸದಾಗಿ ಮಾಡಿ ಮಗುವಿನ ಹೆಸರಿನ ಚೀಟಿ ಅಂಟಿಸುತ್ತೇವೆ. ಯಾರೂ ಇದನ್ನು ಮೋಸ ಎನ್ನುವುದಿಲ್ಲ. ಪೋಷಕರು ಫೋಟೋ ತೆಗೆಸಿಕೊಳ್ಳುತ್ತಾರೆ, ಆಡಳಿತ ಮಂಡಳಿಯವರು ಬೆನ್ನು ತಟ್ಟುತ್ತಾರೆ, ಮಗುವಿಗೂ ಖುಷಿ.

ಆ ವರ್ಷ ನಾನು ಹೊಸದಾಗಿ ಮಾಡಿದ್ದ ಒಂದು ಪೆನ್ ಸ್ಟ್ಯಾಂಡನ್ನು ಅವಳ ಕೈಗೆ ಕೊಟ್ಟು ಚೀಟಿ ಅಂಟಿಸಲು ಹೇಳಿದೆ. ಅವಳು ಅಂಟಿಸಲಿಲ್ಲ.

"ಇದು ಆ ಹುಡ್ಗ ಮಾಡಿದ್ದಲ್ಲ ಮೇಡಂ. ಅವನ ಹೆಸ್ರು ಎಂಗೆ ಹಾಕೋದು?"

"ಹಾಕು ಅಂದ್ರೆ ಹಾಕಮ್ಮ. ನೀನೇನು ನನಗೆ ಹೇಳ್ಕೊಡ್ತೀಯಾ?"

"ಅಂಗಲ್ಲ ಮೇಡಂ..."

ಅವಳು ಅಬ್ಬಿಗೆರೆಯ ಹಳೇ ಒಕ್ಕಲು ಮನೆಯ ಹುಡುಗಿ. ಗಾಬರಿಯಾದಾಗ ಮಾತಿನಲ್ಲಿ 'ಹ'ಕಾರ ಬಿದ್ದುಹೋಗುತ್ತದೆ. "ಅಂಗೆ ಇಂಗೆ ಅನ್ನೋಳಿಂದ ನಾನು ಪಾಠ ಕಲೀಬೇಕಾ?" ಎಂದುಬಿಟ್ಟೆ. ಎದುರಿಗೆ ಅಟೆಂಡರು ಇದ್ದರು, ಇನ್ನಿಬ್ಬರು ಟೀಚರು ಇದ್ದರು. ವರ್ಷದ ಕೊನೆಗೆ ಅವಳು ರಾಜೀನಾಮೆ ಕೊಟ್ಟಳು. ಹೋದರೆ ಹೋಗಲಿ, ಇಂಥವರು ನೂರು ಜನ ಸಿಗುತ್ತಾರೆ ಎಂದುಕೊಂಡೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಅಲ್ಲ.

ಅಬ್ಬಿಗೆರೆಗೆ ಹೋಗುವ ಮೊದಲು ನಾವು ಹೆಬ್ಬಾಳದ ಕಡೆಯ ಒಂದು ದೊಡ್ಡ ಶಾಲೆಯನ್ನು ನೋಡಿದೆವು. ಅಲ್ಲಿನ ವರ್ಕ್‌ಶಾಪು ನಮ್ಮದಕ್ಕಿಂತ ದೊಡ್ಡದು. ಲೇಸರ್ ಕಟರು, ನಾಲ್ಕು ತ್ರೀಡಿ ಪ್ರಿಂಟರು, ಗೋಡೆಯ ಮೇಲೆ ಪ್ರತಿ ಸಾಧನಕ್ಕೂ ಅದರ ಆಕಾರದ ಗೆರೆ. ಮಕ್ಕಳು ಮಾಡಿದ ದೀಪಗಳು ಅಂಗಡಿಯಲ್ಲಿ ಇಟ್ಟ ಹಾಗಿದ್ದವು. ಅಲ್ಲಿನ ಮೇಷ್ಟ್ರು ಟೈ ಕಟ್ಟಿಕೊಂಡು ಮೂವತ್ತು ಸ್ಲೈಡು ತೋರಿಸಿದರು. ನಾನು ಎಂಬತ್ತೆಂಟು ಕೊಟ್ಟೆ. ಒಬ್ಬ ಹುಡುಗನನ್ನು ಕರೆದು, "ಈ ಎರಡು ಹಲಗೆಗೆ ಯಾವ ಅಂಟು ಹಾಕ್ದೆ?" ಎಂದು ಕೇಳಿದ್ದೆ. ಅವನು ಉತ್ತರ ಹೇಳುವ ಮೊದಲು ಒಂದು ಗಳಿಗೆ ತನ್ನ ಮೇಷ್ಟ್ರ ಮುಖ ನೋಡಿದ. ನಾನು ಅದನ್ನು ಕಂಡೆ, ಬರೆದುಕೊಳ್ಳಲಿಲ್ಲ.

ಅಬ್ಬಿಗೆರೆಗೆ ಹೋದದ್ದು ಮಂಗಳವಾರ. ಅಧ್ಯಕ್ಷರು ಯಲಹಂಕಕ್ಕೆ ಬಂದು ನನ್ನನ್ನು ಕಾರಿನಲ್ಲಿ ಹತ್ತಿಸಿಕೊಂಡರು. ಎಂ.ಎಸ್. ಪಾಳ್ಯ, ಗಂಗಮ್ಮ ಸರ್ಕಲ್ ದಾಟುವಷ್ಟರಲ್ಲಿ ಒಂದು ಗಂಟೆ ಹೋಯಿತು. ದಾರಿಯುದ್ದಕ್ಕೂ ಅವಳ ಕೋಣೆ ಕೊಳಕಾಗಿರಲಿ, ಮಕ್ಕಳು ಗಲಾಟೆ ಮಾಡಲಿ, ಅವಳು ತಡವರಿಸಲಿ ಎಂದು ಮನಸ್ಸಿನಲ್ಲೇ ಹಾರೈಸುತ್ತಿದ್ದೆ. ಯಾವ ದೇವರಿಗೂ ಹೇಳಿಕೊಳ್ಳಲಾಗದ ಹರಕೆ ಅದು.

ಕೋಣೆ ನಿಜಕ್ಕೂ ಹಳೆಯ ದಾಸ್ತಾನು ಕೋಣೆಯೇ. ಎಂಟನೇ ತರಗತಿಯ ಮೂವತ್ತೆಂಟು ಮಕ್ಕಳು, ನಾಲ್ಕು ಮೇಜು, ಕಣ್ಣಿಗೆ ಹಾಕುವ ಕನ್ನಡಕ ನಾಲ್ಕೇ. ಅವಳು ಬಾಗಿಲಿಗೆ ಬಂದು, "ಬನ್ನಿ ಮೇಡಂ, ಬನ್ನಿ ಸರ್" ಎಂದಳು. ಅಧ್ಯಕ್ಷರಿಗೆ ಮಾಡಿದ ನಮಸ್ಕಾರವನ್ನೇ ನನಗೂ ಮಾಡಿದಳು. ಮೂರು ವರ್ಷ 'ನೀನು' ಎಂದು ಕರೆದವಳನ್ನು ನಾನು ಆ ದಿನ, "ನೀವು ಪಾಠ ಶುರು ಮಾಡಿ" ಎನ್ನಬೇಕಾಯಿತು.

ಅವಳು ಮಕ್ಕಳಿಗೆ ಕೊಟ್ಟಿದ್ದ ಕೆಲಸ ಇಷ್ಟೇ: ಮನೆಯಲ್ಲಿ ಒಬ್ಬರ ಕೈಲಾಗದ ಒಂದು ಕೆಲಸ ಹುಡುಕಿ, ಅದನ್ನು ಸುಲಭ ಮಾಡುವ ವಸ್ತು ಮಾಡಿ. ಗೋಡೆಗೆ ಸಾಲಾಗಿ ಮೊಳೆ ಹೊಡೆದು ಅಕ್ಕಿ ಚೀಲ ಕತ್ತರಿಸಿ ಹೊಲಿದ ಸಣ್ಣ ಚೀಲಗಳನ್ನು ನೇತುಹಾಕಿದ್ದರು, ಒಂದೊಂದು ಮಗುವಿಗೆ ಒಂದೊಂದು. ಒಳಗೆ ಕೆಟ್ಟುಹೋದ ಮಾದರಿಗಳೆಲ್ಲ ಇದ್ದವು. ಪ್ರತಿಯೊಂದಕ್ಕೂ ಮಗು ತನ್ನ ಕೈಬರಹದಲ್ಲಿ ಚೀಟಿ ಕಟ್ಟಿತ್ತು. 'ಮುರೀತು.' 'ಭಾರ ಜಾಸ್ತಿ.' ಒಂದರಲ್ಲಿ, 'ಚೆನ್ನಾಗೇ ಇತ್ತು, ಅಜ್ಜಿ ಬೇಡ ಅಂದ್ರು.' ಅಧ್ಯಕ್ಷರು ಅದನ್ನು ಓದಿ ಗಟ್ಟಿಯಾಗಿ ನಕ್ಕರು. ವಿನ್ಯಾಸದ ಯುವಕ ಚೀಲಗಳ ಮುಂದೆ ನಿಂತು ಒಂದೊಂದನ್ನೂ ಫೋನಿನಲ್ಲಿ ಹಿಡಿಯತೊಡಗಿದ. "ಸೂಪರ್ ಗುರು ಇದು" ಎಂದು ತನಗೇ ಹೇಳಿಕೊಂಡ. ಹೆಬ್ಬಾಳದ ಕಡೆಯ ಶಾಲೆಯಲ್ಲಿ ಅವನು ಜೇಬಿನಿಂದ ಫೋನ್ ತೆಗೆದೇ ಇರಲಿಲ್ಲ.

ನನಗೆ ಹೊಟ್ಟೆ ಉರಿಯಿತು. ಬೇರೆ ಹೆಸರು ಇಟ್ಟು ಏನು ಪ್ರಯೋಜನ? ಅವಳ ಹರಕು ಚೀಲಗಳನ್ನು ನೋಡಿದ ಹಾಗೆ ನನ್ನ ಎರಡು ತ್ರೀಡಿ ಪ್ರಿಂಟರುಗಳನ್ನು ಯಾರೂ ನಿಂತು ನೋಡಿರಲಿಲ್ಲವಲ್ಲ ಎಂದು ಉರಿಯಿತು. ಮೂರು ಸಲ ಬಂದ ಸಮಿತಿಯವರು ನನ್ನಲ್ಲಿ ಚಹಾ ಕುಡಿದು, "ಚೆನ್ನಾಗಿದೆ ಮೇಡಂ" ಎಂದು ಎದ್ದುಹೋಗಿದ್ದರು.

ಪಾಠದ ಮಧ್ಯೆ ಒಬ್ಬಳು ಹುಡುಗಿ ತನ್ನ ಮಾದರಿಯನ್ನು ಹಿತ್ತಲ ನಲ್ಲಿಗೆ ಹಾಕಿ ತೋರಿಸಲು ನಮ್ಮನ್ನು ಕರೆದೊಯ್ದಳು. ಅವಳ ಅಜ್ಜಿಗೆ ಬೆರಳುಗಳ ಗಂಟು ಊದಿ ನಲ್ಲಿ ತಿರುಗಿಸಲು ಆಗುವುದಿಲ್ಲ. ಅದಕ್ಕೆ ಪಿವಿಸಿ ಪೈಪಿನ ತುದಿಯನ್ನು ಕುದಿಯುವ ನೀರಿನಲ್ಲಿ ಅದ್ದಿ, ಮೆತ್ತಗಾದಾಗ ನಲ್ಲಿಯ ತಲೆಗೆ ಒತ್ತಿ, ಆ ತಲೆಯ ಅಚ್ಚು ಮೂಡಿಸಿಕೊಂಡಿದ್ದಳು. ಉದ್ದನೆಯ ಹಿಡಿ, ಮಣಿಕಟ್ಟಿನಿಂದ ತಳ್ಳಿದರೂ ನಲ್ಲಿ ತಿರುಗಬೇಕು. ನಮ್ಮೆದುರಿಗೆ ತಳ್ಳಿದಳು. ಸರಕ್ಕನೆ ಜಾರಿತು. ಇನ್ನೊಮ್ಮೆ ತಳ್ಳಿದಳು, ಜಾರಿತು. ಹುಡುಗಿಯ ಮುಖ ಕೆಂಪಾಯಿತು.

ನಾನಾಗಿದ್ದರೆ ಅಷ್ಟರಲ್ಲಿ ಅದನ್ನು ಕಿತ್ತುಕೊಂಡು ಸರಿಮಾಡಿ ಹಾಕಿ, ನಗುತ್ತಾ, "ಈಗ ತಳ್ಳು ಪುಟ್ಟಾ" ಎನ್ನುತ್ತಿದ್ದೆ. ಪ್ರಶಸ್ತಿಯ ಸಮಿತಿ ನಿಂತಿದೆ, ಯಾರಾದರೂ ಅದನ್ನೇ ಮಾಡುತ್ತಾರೆ. ನನ್ನ ಹಳೆಯ ಸಹಾಯಕಿ ಮಾತ್ರ ಎರಡೂ ಕೈಗಳನ್ನು ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡು ಬಗ್ಗಿ ನೋಡಿದಳು.

"ಎಲ್ಲಿ ಜಾರ್ತಾ ಐತೆ, ತೋರ್ಸು."

"ಇಲ್ಲಿ ಮಿಸ್. ನಿನ್ನೆ ಜಾರ್ಲಿಲ್ಲ."

"ನಿನ್ನೆಗೂ ಇವತ್ತಿಗೂ ಏನ್ ಬೇರೆ?"

ಹುಡುಗಿ ನಲ್ಲಿಯನ್ನು ನೋಡಿದಳು, ಪೈಪನ್ನು ನೋಡಿದಳು, ನಮ್ಮನ್ನೂ ಒಂದು ಸಲ ಸಿಟ್ಟಿನಿಂದ ನೋಡಿದಳು. ಎರಡು ನಿಮಿಷವಾದರೂ ಆಗಿರಬೇಕು. ಅಧ್ಯಕ್ಷರು ಏನೋ ಹೇಳಲು ಹೋದಾಗ ಟೀಚರು ಬೇಡವೆಂದು ತಲೆಯಾಡಿಸಿದಳು. ಸಮಿತಿಯ ಅಧ್ಯಕ್ಷರಿಗೇ!

"ನೀರು ಮಿಸ್! ನಿನ್ನೆ ಒಣಗಿತ್ತು" ಎಂದು ಹುಡುಗಿ ಕೋಣೆಗೆ ಓಡಿದಳು. ಪಂಚರ್ ಅಂಗಡಿಯಿಂದ ತಂದಿಟ್ಟಿದ್ದ ಹಳೇ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ, ಪೈಪಿನ ಬಾಯೊಳಗೆ ಸುತ್ತಿ, ಮತ್ತೆ ಹಾಕಿ ತಳ್ಳಿದಳು. ಸೊಟ್ಟಸೊಟ್ಟಗಿದ್ದ ಆ ವಸ್ತುವಿನಿಂದ ನಲ್ಲಿ ತಿರುಗಿ ನೀರು ಬಂತು. ನಮ್ಮ ಕಾಲೆಲ್ಲ ಒದ್ದೆಯಾಯಿತು. ಅಧ್ಯಕ್ಷರು ಪ್ಯಾಂಟು ಕೊಡವಿಕೊಳ್ಳುತ್ತಾ ಚಪ್ಪಾಳೆ ತಟ್ಟಿದರು.

ಹೊರಡುವ ಮೊದಲು ಆ ಹುಡುಗಿಯನ್ನು ನಾನು ಪಕ್ಕಕ್ಕೆ ಕರೆದೆ. ಟೀಚರಿಲ್ಲದಾಗ ಮಕ್ಕಳನ್ನು ಮಾತಾಡಿಸಲು ಸಮಿತಿಗೆ ಅನುಮತಿ ಇತ್ತು. ಏನಾದರೊಂದು ಸಿಗಲಿ ಎಂದೇ ಕೇಳಿದೆ.

"ನಿಮ್ ಮಿಸ್ ಇದನ್ನ ಮಾಡೋಕೆ ಹೆಲ್ಪ್ ಮಾಡಿದ್ರಾ?"

"ಇಲ್ಲ ಮೇಡಂ. ಎಷ್ಟ್ ಕೇಳಿದ್ರೂ ಮಾಡ್ಕೊಡಲ್ಲ. ನಾಕ್ ಸಲ ಕೆಟ್ಟೋಯ್ತು, ಆಗ್ಲೂ ಮಾಡ್ಕೊಡ್ಲಿಲ್ಲ. ನಂಗೆ ಅಳುನೇ ಬಂದಿತ್ತು."

ನನ್ನ ಪುಸ್ತಕದಲ್ಲಿ ಬರೆದುಕೊಂಡೆ: 'ವಿದ್ಯಾರ್ಥಿನಿಯ ದೂರು. ಶಿಕ್ಷಕಿ ಸಹಾಯ ಮಾಡುವುದಿಲ್ಲ.' ಬರೆಯುವಾಗ ಆದ ಸಂತೋಷ ನನಗೆ ಇನ್ನೂ ನೆನಪಿದೆ.

ಅಂಕದ ಹಾಳೆಯನ್ನು ಅಲ್ಲೇ, ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ತುಂಬಿದೆ. ಮಾದರಿಗಳ ಅಂದ: ಮೂರು. ಯಾಕೆಂದರೆ ಅಂಚೆಲ್ಲ ಒರಟು, ಬಣ್ಣವೇ ಇಲ್ಲ. ದಾಖಲೆ: ನಾಲ್ಕು. ಯಾಕೆಂದರೆ ಚೀಟಿಗಳಿಗೆ ಒಂದು ನಮೂನೆ ಇಲ್ಲ, ಕಾಗುಣಿತ ತಪ್ಪು. ತಂತ್ರಜ್ಞಾನದ ಬಳಕೆ: ಮೂರು. ಒಂದು ಯಂತ್ರವೂ ಇಲ್ಲವಲ್ಲ. ಸುರಕ್ಷತೆ: ನಾಲ್ಕು, ಕನ್ನಡಕಗಳ ಕೊರತೆಗೆ. ಉಳಿದ ಆರಕ್ಕೆ ಆರೋ ಏಳೋ ಹಾಕಿದೆ. ಒಟ್ಟು ಐವತ್ತೆರಡು. ಒಂದೊಂದಕ್ಕೂ ನನ್ನ ಬಳಿ ಕಾರಣವಿತ್ತು. ಕುಣಿಯಲಾರದವಳು ನೆಲ ಡೊಂಕು ಎನ್ನುತ್ತಾಳೆ. ನಾನು ಕುಣಿಯುವವಳ ಕಾಲಿನ ಕೆಳಗೇ ನೆಲ ಡೊಂಕು ಎಂದು ಬರೆದೆ, ಅಷ್ಟೇ ವ್ಯತ್ಯಾಸ.

ಮುಂದಿನ ಸೋಮವಾರ ಸಂಚಾಲಕಿಯ ಫೋನ್ ಬಂತು. ಐದೂ ಶಾಲೆಗಳ ಭೇಟಿ ಅಷ್ಟರಲ್ಲಿ ಮುಗಿದಿತ್ತು.

"ಮೇಡಂ, ಅಬ್ಬಿಗೆರೆ ಹಾಳೆ ನೋಡಿದೆ. ಅವರಿಬ್ರೂ ಎಂಬತ್ನಾಲ್ಕು, ಎಂಬತ್ತೊಂದು ಕೊಟ್ಟಿದಾರೆ. ನಿಮ್ದು ಐವತ್ತೆರಡು. ಕಾರಣ ಬರ್ದು ಕೊಡ್ಬೇಕಾಗತ್ತೆ. ಗುರುವಾರದೊಳಗೆ."

"ಬರ್ಕೊಡ್ತೀನಿ. ಫಲಿತಾಂಶ ಹೇಗಿದೆ ಸದ್ಯಕ್ಕೆ?"

"ಹಿಂಗೇ ಇದ್ರೆ ಹೆಬ್ಬಾಳದ ಕಡೆ ಸರ್‌ಗೇ ಹೋಗತ್ತೆ. ಅವರಿಗೆ ಒಟ್ಟು ಇನ್ನೂರ ಮೂವತ್ತು, ಇವರಿಗೆ ಇನ್ನೂರ ಹದಿನೇಳು. ನಿಮ್ಮ ಹಾಳೆ ಮೇಲೇ ನಿಂತಿದೆ ಅನ್ನಿ."

ಫೋನ್ ಇಟ್ಟಮೇಲೆ ಒಂದು ಲೋಟ ಕಾಫಿ ಮಾಡಿಕೊಂಡು ಕುಡಿದೆ. ಸುಳ್ಳು ಹೇಳುವುದಿಲ್ಲ, ಆ ಕಾಫಿ ಬಹಳ ಚೆನ್ನಾಗಿತ್ತು.

ಕಾರಣ ಬರೆಯುವ ನಮೂನೆ ಒಂದು ಹಾಳೆ. ಐದಕ್ಕಿಂತ ಕಡಿಮೆ ಕೊಟ್ಟ ಪ್ರತಿ ಶೀರ್ಷಿಕೆಗೂ ಮೂರು ಕಾಲಂ: ನೀವು ಏನು ಕಂಡಿರಿ, ಟೀಚರ್ ಏನು ಮಾಡಿದರು, ಮಗು ಏನು ಮಾಡಿತು. 'ಅನಿಸಿತು', 'ತೋರಿತು' ಎನ್ನುವಂತಿಲ್ಲ, ಕಂಡದ್ದು ಮಾತ್ರ. ಮಂಗಳವಾರ ಕುಳಿತು ಶುರುಮಾಡಿದೆ. ಮಾದರಿಗಳ ಅಂದ. ಏನು ಕಂಡಿರಿ? ಅಂಚು ಒರಟಾಗಿತ್ತು. ಟೀಚರ್ ಏನು ಮಾಡಿದರು? ಮುಟ್ಟಲಿಲ್ಲ. ಮಗು ಏನು ಮಾಡಿತು? ಎಲ್ಲವನ್ನೂ. ಹರಿದು ಹಾಕಿದೆ. ತಂತ್ರಜ್ಞಾನದ ಬಳಕೆ. ಏನು ಕಂಡಿರಿ? ಬಿಸಿನೀರಿನಲ್ಲಿ ಮೆತ್ತಗಾದ ಪೈಪಿಗೆ ನಲ್ಲಿಯ ಅಚ್ಚು ಮೂಡಿಸಿದ್ದನ್ನು ಕಂಡೆ. ಇದಕ್ಕೆ ಮೂರು ಅಂಕ ಯಾಕೆ ಎಂದು ಕೇಳಿದರೆ ಏನೆಂದು ಬರೆಯಲಿ? ಅದನ್ನೂ ಹರಿದೆ. ಆಮೇಲೆ ನನ್ನ ಆಸ್ತಿ ಎಂದುಕೊಂಡಿದ್ದ ಆ ದೂರನ್ನು ತೆಗೆದೆ. 'ನಾಲ್ಕು ಸಲ ಕೆಟ್ಟಾಗಲೂ ಟೀಚರ್ ಮಾಡಿಕೊಡಲಿಲ್ಲ.' ಎಷ್ಟು ತಿರುಗಿಸಿ ಬರೆದರೂ ಅದು ಹೊಗಳಿಕೆಯಾಗಿಯೇ ನಿಲ್ಲುತ್ತಿತ್ತು. ಮೂರು ನಮೂನೆ ಹಾಳಾದವು. ಹೊಸದನ್ನು ಕಳಿಸಿ ಎಂದು ಸಂಚಾಲಕಿಯನ್ನು ಕೇಳಲು ನಾಚಿಕೆಯಾಗಿ ನಾನೇ ಕಂಪ್ಯೂಟರಿನಲ್ಲಿ ಅಂಥದ್ದೇ ಇನ್ನೊಂದು ಮಾಡಿಕೊಂಡೆ.

ಅವಳ ವಿರುದ್ಧ ಸಾಕ್ಷಿ ಇಲ್ಲದಿದ್ದರೆ ಬೇಡ, ಒಳ್ಳೆಯ ಅಂದ ಎಂದರೆ ಏನೆಂದು ಹೋಲಿಸಿಯಾದರೂ ತೋರಿಸೋಣ ಎಂದು ಬುಧವಾರ ನನ್ನ ವರ್ಕ್‌ಶಾಪಿಗೇ ಹೋದೆ. ನಮ್ಮ ಪ್ರದರ್ಶನವೂ ಹತ್ತಿರವಿತ್ತು. ಒಂಬತ್ತನೇ ತರಗತಿಯ ನನ್ನ ಅತಿ ಜಾಣ ಹುಡುಗಿಯ ಪುಸ್ತಕದ ಗೂಡು ಮೇಜಿನ ಮೇಲಿತ್ತು. ಮೂಲೆಗಳನ್ನು ಬೆರಳಿಗೆ ಬೆರಳು ಹೆಣೆದ ಹಾಗೆ ಜೋಡಿಸಿದ ಕೆಲಸ, ಒಂದು ಕೂದಲಿನಷ್ಟು ಸಂದಿಲ್ಲ. ಇದನ್ನು ಹೇಗೆ ಮಾಡಿದೆ ಎಂದು ಅವಳ ಬಾಯಲ್ಲೇ ಹೇಳಿಸಿ ಅದನ್ನೇ ಬರೆದುಬಿಡುತ್ತೇನೆ ಎಂದು ಅವಳನ್ನು ಕರೆಸಿದೆ.

"ಈ ಮೂಲೆ ಯಾಕೆ ಹಿಂಗೆ ಸೇರಿಸ್ದೆ? ಮೊಳೆ ಹೊಡೀಬಹುದಿತ್ತಲ್ಲ?"

ಅವಳು ಗೂಡನ್ನು ನೋಡಲಿಲ್ಲ. ನನ್ನ ಮುಖ ನೋಡಿದಳು. ಹೆಬ್ಬಾಳದ ಕಡೆಯ ಹುಡುಗ ಅವನ ಮೇಷ್ಟ್ರನ್ನು ನೋಡಿದ್ದು ಇದೇ ನೋಟ.

"ಹೇಳು ಪರವಾಗಿಲ್ಲ."

"ಅದು ನೀವು ಮಾಡಿದ್ದಲ್ವಾ ಮಿಸ್? ನಂದು ಮೊಳೆದೇ ಇತ್ತು."

"ನಿಂದು ಎಲ್ಲಿ ಈಗ?"

"ನೀವೇ ಡಸ್ಟ್‌ಬಿನ್‌ಗೆ ಹಾಕಿದ್ರಿ" ಎಂದಳು. ಅವಳ ದನಿಯಲ್ಲಿ ಬೇಸರವೂ ಇರಲಿಲ್ಲ. ನಮ್ಮಲ್ಲಿ ಅದು ಹಾಗೇ ತಾನೆ ಎಂಬಂತೆ ಹೇಳಿದಳು. ಗೂಡಿನ ಮೇಲೆ ಆಗಲೇ ಅವಳ ಹೆಸರಿನ ಚೀಟಿ ಅಂಟಿಸಿಯಾಗಿತ್ತು, ನನ್ನದೇ ದುಂಡನೆಯ ಅಕ್ಷರದಲ್ಲಿ. ವರ್ಷ ವರ್ಷ ಇಷ್ಟು ಮಾದರಿ ಮುಗಿಸಿ ಮುಗಿಸಿ, ಯಾವುದು ನನ್ನ ಕೆಲಸ ಎಂಬುದೇ ನನಗೆ ಮರೆತುಹೋಗಿತ್ತು.

ಅವಳನ್ನು ಕ್ಲಾಸಿಗೆ ಕಳಿಸಿ ಸ್ಟೂಲಿನ ಮೇಲೆ ಕುಳಿತೆ. ಮೂರು ಸಲ ಬಂದ ಸಮಿತಿಯವರೂ ಯಾವುದೋ ಮಗುವನ್ನು ಪಕ್ಕಕ್ಕೆ ಕರೆದು ಇದನ್ನೇ ಕೇಳಿರುತ್ತಾರೆ ಎಂಬುದು ಆಗ ಹೊಳೆಯಿತು. ಅವರಿಗೆ ನನ್ನ ಮೇಲೆ ಏನೋ ದ್ವೇಷ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಅಬ್ಬಿಗೆರೆಯವಳ ಮೇಲಿನ ಹೊಟ್ಟೆಕಿಚ್ಚು ಅದರಿಂದ ಕಡಿಮೆಯಾಯಿತು ಎಂದುಕೊಳ್ಳಬೇಡಿ. ಹೆಚ್ಚಾಯಿತು. ನನಗೆ ಇಷ್ಟು ವರ್ಷ ಹೊಳೆಯದ್ದು ಅವಳಿಗೆ ನನ್ನ ಕೈಕೆಳಗಿದ್ದಾಗಲೇ, ಒಂದು ಪೆನ್ ಸ್ಟ್ಯಾಂಡ್ ಹಿಡಿದು ನಿಂತಾಗಲೇ ಗೊತ್ತಿತ್ತು. ಗುರುವಿಗೇ ತಿರುಮಂತ್ರ ಹೇಳಿದವಳನ್ನು ಭಾಷೆಯ ನೆಪ ಹಿಡಿದು ಬಾಯಿ ಮುಚ್ಚಿಸಿದ್ದೆ.

ಗುರುವಾರ ಹೆಬ್ಬಾಳದ ಕಚೇರಿಗೆ ಹೋಗಿ ನನ್ನ ಹಾಳೆ ತೆಗೆಸಿದೆ. ಅಧ್ಯಕ್ಷರೂ ಬಂದಿದ್ದರು. ಅಂದದ ಮೂರನ್ನು ಹೊಡೆದು ಒಂಬತ್ತು ಮಾಡಿ ಸಹಿ ಹಾಕಿದೆ. ದಾಖಲೆಯ ನಾಲ್ಕನ್ನು ಒಂಬತ್ತು ಮಾಡಿದೆ, ಸಹಿ. ತಂತ್ರಜ್ಞಾನದ ಮೂರನ್ನು ಒಂಬತ್ತು ಮಾಡಿದೆ, ಸಹಿ. ಸುರಕ್ಷತೆಗೆ ಆರು, ಕನ್ನಡಕ ನಾಲ್ಕೇ ಇದ್ದದ್ದು ನಿಜ, ಆದರೆ ಅದನ್ನು ಹಾಕಿಕೊಳ್ಳದೆ ಯಾವ ಮಗುವೂ ಗರಗಸ ಮುಟ್ಟಲಿಲ್ಲ ಎಂಬುದೂ ನಿಜ. ಒಟ್ಟು ಎಪ್ಪತ್ತೊಂದು. ಮೂವರದ್ದೂ ಸೇರಿ ಅವಳಿಗೆ ಇನ್ನೂರ ಮೂವತ್ತಾರು, ಹೆಬ್ಬಾಳದ ಮೇಷ್ಟ್ರಿಗಿಂತ ಆರು ಹೆಚ್ಚು. ಉಳಿದ ಆರು ಶೀರ್ಷಿಕೆಗಳಲ್ಲೂ ನಾನು ಜಿಪುಣತನ ಮಾಡಿದ್ದೆ, ಅದು ಗೊತ್ತಿತ್ತು. ಅವಕ್ಕೆ ಕೈ ಹಾಕಲಿಲ್ಲ. ಅಷ್ಟು ಒಳ್ಳೆಯವಳಾಗಲು ನನ್ನಿಂದಾಗಲಿಲ್ಲ.

ಕಾರಣದ ಹಾಳೆಯಲ್ಲಿ ಹೀಗೆ ಬರೆದಿದ್ದೆ: 'ನಮ್ಮ ಶಾಲೆಯ ಪ್ರದರ್ಶನದ ಮಾದರಿಗಳನ್ನು ನಾನೇ ಮುಗಿಸುತ್ತೇನೆ. ಕೆಲವನ್ನು ನಾನೇ ಮಾಡುತ್ತೇನೆ. ಅದೇ ಅಳತೆಗೋಲು ಹಿಡಿದು ಇವರನ್ನು ಅಳೆದೆ. ಇವರು ಹಿಂದೆ ನನ್ನ ಸಹಾಯಕಿಯಾಗಿದ್ದು, ಇದೇ ವಿಷಯಕ್ಕೆ ಮನಸ್ತಾಪವಾಗಿ ಶಾಲೆ ಬಿಟ್ಟವರು.'

ಅಧ್ಯಕ್ಷರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಇಷ್ಟೆಲ್ಲ ಬರೀಬೇಕಾ ಅಮ್ಮ? ಮಾರ್ಕ್ಸ್ ಸರಿ ಮಾಡಿದೀರಿ, ವ್ಯತ್ಯಾಸ ಇಪ್ಪತ್ತರೊಳಗೆ ಬಂತು. ಈಗ ಕಾರಣನೇ ಬೇಕಾಗಿಲ್ಲ. ಇದು ಫೈಲಿಗೆ ಹೋಗತ್ತೆ. ನೀವು ಮುಂದೆ ಅಪ್ಲೈ ಮಾಡಿದ್ರೆ ಯಾವ ಕಮಿಟಿ ಆದ್ರೂ ಇದನ್ನ ತೆಗೆದು ನೋಡ್ತಾರೆ."

ಅವರು ಹಾಳೆಯನ್ನು ನನ್ನ ಕಡೆಗೇ ತಳ್ಳಿದರು. ನಾನು ಅದನ್ನು ತೆಗೆದುಕೊಂಡೆ. ಮಡಿಸಿ ಬ್ಯಾಗಿಗೂ ಹಾಕಿದೆ. ಬಾಗಿಲವರೆಗೆ ಹೋದೆ. ನಾಲ್ಕನೇ ಸಲ ಅರ್ಜಿ ಹಾಕಿ, ಮೆಟ್ಟಿಲು ಹತ್ತಿ, ಶಾಲು ಹೊದ್ದುಕೊಳ್ಳುವ ಚಿತ್ರ ಕಣ್ಣಮುಂದೆ ಬಂತು. ಅದರ ಹಿಂದೆಯೇ ನನ್ನ ಹುಡುಗಿ, ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತಾ ನನ್ನ ಮುಖ ನೋಡುವುದೂ ಬಂತು. ವಾಪಸ್ಸು ಬಂದು ಹಾಳೆಯನ್ನು ಮೇಜಿನ ಮೇಲಿಟ್ಟೆ.

"ಇರ್ಲಿ ಸರ್. ಹೋಗ್ಲಿ ಫೈಲಿಗೆ" ಎಂದೆ. ಅಧ್ಯಕ್ಷರು ಅದರ ಮೇಲೆ ಸ್ವೀಕೃತಿಯ ಮುದ್ರೆ ಒತ್ತಿಸಿದರು.

ಮೂರು ವಾರದ ನಂತರ ಯಶವಂತಪುರದ ಒಂದು ಸಭಾಂಗಣದಲ್ಲಿ ಸಮಾರಂಭ. ಸಮಿತಿಯವರನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದರು. ಅವಳು ಹಸಿರು ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಶಾಲು ಹೊದಿಸಿದರು, ಹಾರ ಹಾಕಿದರು, ಫಲಕ ಕೊಟ್ಟರು. ಎರಡು ನಿಮಿಷ ಮಾತಾಡಿ ಎಂದರು. ಹತ್ತು ನಿಮಿಷ ಮಾತಾಡಿದಳು, 'ಅಂಗೆ ಇಂಗೆ' ಎನ್ನುತ್ತಲೇ. ಯಾರೂ ನಗಲಿಲ್ಲ. ಮುಖ್ಯೋಪಾಧ್ಯಾಯಿನಿಯಿಂದ ಹಿಡಿದು ಸೈಕಲ್ ಟ್ಯೂಬು ಕೊಟ್ಟ ಪಂಚರ್ ಅಂಗಡಿಯವನವರೆಗೆ ಎಲ್ಲರನ್ನೂ ನೆನೆದಳು. ಕೊನೆಯ ವಾಕ್ಯ ಮುಗಿಯುವ ತನಕ ನಾನು ಕಾಯುತ್ತಿದ್ದೆ. ನನ್ನ ಹೆಸರು ಬರಲಿಲ್ಲ.

ಊಟದ ಸಾಲಿನ ಹತ್ತಿರ ಅವಳೇ ನನ್ನನ್ನು ಹುಡುಕಿಕೊಂಡು ಬಂದಳು. ಹಾರ ತೆಗೆದು ಕೈಯಲ್ಲಿ ಹಿಡಿದಿದ್ದಳು.

"ಊಟ ಆಯ್ತಾ ಮೇಡಂ?"

"ಇನ್ನೂ ಇಲ್ಲ. ಕಂಗ್ರಾಜುಲೇಷನ್ಸ್ ಕಣಮ್ಮ" ಎಂದೆ. 'ನೀವು' ಎನ್ನುವುದು ಮರೆತುಹೋಯಿತು.

"ಥ್ಯಾಂಕ್ಸ್ ಮೇಡಂ." ಸ್ವಲ್ಪ ಹೊತ್ತು ಹಾರದ ಎಸಳು ಕೀಳುತ್ತಾ ನಿಂತಳು. ಆಮೇಲೆ ತಲೆಯೆತ್ತಿ ನೇರವಾಗಿ ಹೇಳಿದಳು. "ಒಂದ್ ಮಾತು ಹೇಳ್ತೀನಿ, ತಪ್ಪು ತಿಳೀಬೇಡಿ. ಅವತ್ತು ಕಾರಿಂದ ನೀವು ಇಳಿದಿದ್ದು ನೋಡಿ ಆಸೆ ಬಿಟ್ಬಿಟ್ಟಿದ್ದೆ. ನಿಮ್ ಕೈಲಿ ಕಮ್ಮಿ ಬಿದ್ದಿರ್ತದೆ ಅಂತ ನಂಗೊತ್ತು. ಬೇಜಾರೇನಿಲ್ಲ ಮೇಡಂ. ಆದ್ರೂ ಬಂತಲ್ಲ, ಅಷ್ಟು ಸಾಕು."

ಇಲ್ಲ, ನಿನಗೆ ಇದು ಬಂದದ್ದೇ ನನ್ನ ಹಾಳೆಯಿಂದ ಎಂದು ಹೇಳಲು ಬಾಯಿ ತೆರೆದೆ. ಗುಟ್ಟು ಬಿಡುವುದಿಲ್ಲವೆಂದು ಸಹಿ ಹಾಕಿದ್ದೆ, ಬಾಯಿ ಮುಚ್ಚಿದೆ. ಆದರೆ ಅದೊಂದೇ ಕಾರಣವೆಂದರೆ ಮತ್ತೆ ಕಾನೂನಿನ ಸತ್ಯ ಹೇಳಿದಂತಾಗುತ್ತದೆ. ಅಬ್ಬಿಗೆರೆಗೆ ಹೋದ ಆ ಮಂಗಳವಾರದಿಂದ ಹಾಳೆ ತಿದ್ದಿದ ಆ ಗುರುವಾರದವರೆಗೆ, ಒಂಬತ್ತು ದಿನ, ಅವಳು ಹೇಳಿದ್ದು ನಿಜವೇ ಆಗಿತ್ತು.